ಲೇಯರ್ಟಿಸ್ ಕೇಳಿದ್ದು ಸೇಡನ್ನೇ, ಸಂಸ್ಕಾರವನ್ನೇ?

ಚೌಕಿಪೇಟೆ ಹವ್ಯಾಸಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ನಮ್ಮ ಸಣ್ಣ ಹವ್ಯಾಸಿ ತಂಡ ಈ ಸಲ ಕನ್ನಡದಲ್ಲಿ ಷೇಕ್ಸ್‌ಪಿಯರ್‌ನ ‘ಹ್ಯಾಮ್ಲೆಟ್’ ಆಡಲು ಹೊರಟಿದೆ. ಹಗಲೆಲ್ಲ ಚೌಕಿಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ನನ್ನ ಪಾಲಿಗೆ ಲೇಯರ್ಟಿಸ್‌ನ ಪಾತ್ರ ಬಂದಿದೆ. ಏನನ್ನೂ ಬಿಡದೆ ಆಡಿದರೆ ಈ ನಾಟಕ ನಾಲ್ಕು ಗಂಟೆ ಹಿಡಿಯುತ್ತದೆ, ನಮಗೆ ಸಭಾಂಗಣ ಸಿಕ್ಕಿರುವುದು ಎರಡೂವರೆ ಗಂಟೆಗೆ ಮಾತ್ರ. ನಿರ್ದೇಶಕರು ಕತ್ತರಿ ಹಿಡಿಯುವುದು ಅನಿವಾರ್ಯವೆಂದು ನನಗೂ ಗೊತ್ತು. ಆದರೆ ಆ ಕತ್ತರಿ ಬಿದ್ದಿರುವ ಜಾಗ ನನ್ನನ್ನು ನಿದ್ದೆಗೆಡಿಸಿದೆ.

ಮೊದಲ ಅಂಕದಲ್ಲಿ ಅವನು ತಂಗಿ ಒಫೀಲಿಯಾಳಿಗೆ ಬುದ್ಧಿ ಹೇಳಿ ಫ್ರಾನ್ಸಿಗೆ ಹೊರಡುವ ದೃಶ್ಯ ಹೋಯಿತು. ಐದನೆಯ ಅಂಕದ ಸ್ಮಶಾನದಲ್ಲಿ ಪಾದ್ರಿಯೊಂದಿಗೆ ನಡೆಸುವ ವಾದವೂ ಹೋಯಿತು. ನನಗೆ ಉಳಿದಿರುವುದು ನಾಲ್ಕನೆಯ ಅಂಕದಲ್ಲಿ ಬಾಗಿಲು ಒಡೆದು ನುಗ್ಗುವುದು, ರಾಜ ಕ್ಲಾಡಿಯಸ್‌ನ ಜೊತೆ ಕುಳಿತು ಸಂಚು ಹೂಡುವುದು, ಕೊನೆಯಲ್ಲಿ ವಿಷ ಸವರಿದ ಕತ್ತಿಯಿಂದ ರಾಜಕುಮಾರ ಹ್ಯಾಮ್ಲೆಟ್‌ನನ್ನು ಇರಿದು ತಾನೂ ಸಾಯುವುದು. ‘ಅವನು ಸೇಡಿನ ಪಾತ್ರ, ಸೇಡು ಕಂಡರೆ ಸಾಕು’ ಎನ್ನುವುದು ನಿರ್ದೇಶಕರ ಮಾತು. ಅವರ ಮೇಲೆ ನನಗೆ ಗೌರವವಿದೆ, ಆದರೂ ಈ ಮಾತನ್ನು ಒಪ್ಪಿಕೊಳ್ಳಲು ಆಗುತ್ತಿಲ್ಲ.

ಕಾರಣ ಹೇಳುತ್ತೇನೆ. ಹ್ಯಾಮ್ಲೆಟ್‌ನ ಕತ್ತಿಗೆ ಸಿಕ್ಕಿದ ಅಪ್ಪ ಪೊಲೋನಿಯಸ್ ಸತ್ತ ಸುದ್ದಿ ತಿಳಿದು ಅವನು ಅರಮನೆಗೆ ನುಗ್ಗಿದಾಗ ‘ನನ್ನ ಅಪ್ಪನನ್ನು ಕೊಡು’ ಎಂದು ಗರ್ಜಿಸುತ್ತಾನೆ ಎಂಬುದು ಎಲ್ಲರಿಗೂ ನೆನಪಿರುತ್ತದೆ. ಅದೇ ದೃಶ್ಯದ ಕೊನೆಯಲ್ಲಿ, ಆವೇಶ ಸ್ವಲ್ಪ ಇಳಿದ ಮೇಲೆ, ಅವನು ಹೇಳುವ ದೂರು ಬೇರೆಯದೇ ಆಗಿದೆ. ಅಪ್ಪನ ಸಾವು ಹೇಗಾಯಿತೋ ತಿಳಿಯದು, ಅಂತ್ಯಕ್ರಿಯೆ ಕದ್ದುಮುಚ್ಚಿ ನಡೆಯಿತು, ಗೋರಿಯ ಮೇಲೆ ಕತ್ತಿಯಿಲ್ಲ, ಮನೆತನದ ಲಾಂಛನವಿಲ್ಲ, ಒಂದು ವಿಧಿಯಿಲ್ಲ ಎಂದು ಅವನು ಒಂದೊಂದಾಗಿ ಎಣಿಸುತ್ತಾನೆ. ಮುಂದಿನ ಅಂಕದಲ್ಲಿ ತಂಗಿಯ ಹೆಣದ ಮುಂದೆ ನಿಂತಾಗಲೂ ಅವನ ಮೊದಲ ಮಾತು ‘ಇನ್ನೇನು ವಿಧಿಯಿದೆ?’ ಎಂಬುದೇ. ಎರಡು ಸಾವುಗಳು, ಎರಡರಲ್ಲೂ ಅರ್ಧಕ್ಕೆ ಮುಗಿಸಿದ ಮಣ್ಣು. ಇವನ ಸೇಡು ಹುಟ್ಟುವುದೇ ಅಲ್ಲಿಂದ ಎಂದು ನನಗೆ ತೋರುತ್ತದೆ. ಆ ವಾದವನ್ನು ತೆಗೆದರೆ ಉಳಿಯುವವನು ಕತ್ತಿ ಹಿಡಿದ ಕೋಪಿಷ್ಠ ಮಾತ್ರ. ಬಲ್ಲವರು ನನ್ನ ಓದು ಸರಿಯೋ ತಪ್ಪೋ ತಿಳಿಸಬೇಕಾಗಿ ಕೋರುತ್ತೇನೆ.

ದುರ್ಗದ ಅಧ್ಯಾಪಕಿ

ನಿಮ್ಮ ಓದು ಸರಿಯಿದೆ, ಅದಕ್ಕೆ ನಾಟಕದ ಕಟ್ಟಡದಿಂದಲೇ ಆಧಾರ ಕೊಡಬಹುದು. ಇಪ್ಪತ್ತು ವರ್ಷಗಳಿಂದ ಚಿತ್ರದುರ್ಗದಲ್ಲಿ ಪದವಿ ತರಗತಿಗಳಿಗೆ ಈ ನಾಟಕವನ್ನು ಪಾಠ ಹೇಳುತ್ತಿದ್ದೇನೆ. ಲೇಯರ್ಟಿಸ್ ಬಗ್ಗೆ ವಿದ್ಯಾರ್ಥಿಗಳು ಬರೆಯುವ ಉತ್ತರ ಬಹುತೇಕ ಒಂದೇ: ಹ್ಯಾಮ್ಲೆಟ್ ಯೋಚಿಸುತ್ತಾನೆ, ಲೇಯರ್ಟಿಸ್ ಮಾಡುತ್ತಾನೆ. ಇದು ಸುಳ್ಳಲ್ಲ. ತನ್ನ ಅಪ್ಪನನ್ನು ಕೊಂದ ಕ್ಲಾಡಿಯಸ್ ದೇವರ ಮುಂದೆ ಮೊಣಕಾಲೂರಿದ್ದಾಗ ಹ್ಯಾಮ್ಲೆಟ್ ಅವನನ್ನು ಕೊಲ್ಲದೆ ಬಿಡುತ್ತಾನೆ. ಅದೇ ಕ್ಲಾಡಿಯಸ್ ‘ನಿನ್ನ ಅಪ್ಪನಿಗಾಗಿ ಏನು ಮಾಡುವೆ’ ಎಂದು ಕೇಳಿದಾಗ ಲೇಯರ್ಟಿಸ್ ‘ಚರ್ಚಿನಲ್ಲೇ ಅವನ ಕತ್ತು ಕೊಯ್ಯುವೆ’ ಎನ್ನುತ್ತಾನೆ. ಎರಡು ದೃಶ್ಯಗಳನ್ನು ಕವಿ ಎದುರುಬದುರು ಇಟ್ಟಿರುವುದು ಸ್ಪಷ್ಟವಾಗಿದೆ. ಆದರೆ ಹೋಲಿಕೆಯನ್ನು ಅಷ್ಟಕ್ಕೇ ನಿಲ್ಲಿಸಿದರೆ ಅವನು ನಾಯಕನನ್ನು ಅಳೆಯುವ ಮೊಳಕೋಲು ಆಗಿಬಿಡುತ್ತಾನೆ, ಮನುಷ್ಯನಾಗುವುದಿಲ್ಲ.

ಒಂದು ಸಂಗತಿಯನ್ನು ಗಮನಿಸಿ. ಈ ಕಥೆಯ ಮೂಲ ಸುಮಾರು 1200ರ ಹೊತ್ತಿಗೆ ಸ್ಯಾಕ್ಸೋ ಗ್ರಾಮಾಟಿಕಸ್ ಲ್ಯಾಟಿನ್‌ನಲ್ಲಿ ಬರೆದ ಡೆನ್ಮಾರ್ಕಿನ ಚರಿತ್ರೆಯಲ್ಲಿದೆ. ಅಲ್ಲಿಯೂ ರಾಜನ ಸಲಹೆಗಾರನೊಬ್ಬ ತಾಯಿಯ ಕೋಣೆಯಲ್ಲಿ ಹುಲ್ಲಿನಡಿ ಅಡಗಿ ಮಾತು ಕದ್ದು ಕೇಳುತ್ತಾನೆ, ರಾಜಕುಮಾರ ಆಮ್ಲೆತ್‌ನ ಕತ್ತಿಗೆ ಸಿಕ್ಕಿ ಸಾಯುತ್ತಾನೆ. ಆದರೆ ಆ ಸಲಹೆಗಾರನಿಗಾಗಿ ಸೇಡು ಕೇಳಲು ಬರುವ ಮಗನಿಲ್ಲ. ಅವನ ಹೆಣವನ್ನು ತುಂಡು ಮಾಡಿ ಹಂದಿಗಳಿಗೆ ಹಾಕಲಾಗುತ್ತದೆ, ಕೇಳುವವರಿಲ್ಲದೆ ಕಥೆ ಮುಂದೆ ಸಾಗುತ್ತದೆ. ನಾಟಕದಲ್ಲಿ ಮಾತ್ರ ಆ ಸಾವನ್ನು ಕೇಳುವವನೊಬ್ಬ ಹುಟ್ಟಿದ್ದಾನೆ. ಹೀಗಾಗಿ ನಾಯಕನೇ ಇನ್ನೊಬ್ಬ ಮಗನ ಕಣ್ಣಲ್ಲಿ ಕೊಲೆಗಾರನಾಗುತ್ತಾನೆ. ‘ನನ್ನ ಸಂಕಟದ ಪ್ರತಿಬಿಂಬದಲ್ಲಿ ಅವನ ಸಂಕಟದ ಚಿತ್ರ ಕಾಣುತ್ತಿದೆ’ ಎಂದು ಸ್ವತಃ ಹ್ಯಾಮ್ಲೆಟ್ ತನ್ನ ಗೆಳೆಯ ಹೊರೇಷಿಯೋಗೆ ಹೇಳುವುದು ಇದನ್ನೇ. ಅಪ್ಪನನ್ನು ಕಳೆದುಕೊಂಡ ಮೂವರು ಗಂಡುಮಕ್ಕಳು ನಾಟಕದಲ್ಲಿದ್ದಾರೆ: ಹ್ಯಾಮ್ಲೆಟ್, ಲೇಯರ್ಟಿಸ್, ನಾರ್ವೆಯ ಫೋರ್ಟಿನ್‌ಬ್ರಾಸ್. ಕೊನೆಗೆ ಬದುಕಿ ಉಳಿಯುವವನು ಸೇಡಿನ ಯಾತ್ರೆಯನ್ನು ಅರ್ಧಕ್ಕೆ ಬಿಟ್ಟು ಬೇರೆ ಕಡೆ ದಂಡು ತಿರುಗಿಸಿದ ಫೋರ್ಟಿನ್‌ಬ್ರಾಸ್ ಒಬ್ಬನೇ.

ಸಂಸ್ಕಾರದ ವಿಷಯಕ್ಕೆ ಬಂದರೆ, ನೀವು ಎರಡು ಸಾವು ಎಂದಿರಿ, ನಾನು ಮೂರು ಎನ್ನುತ್ತೇನೆ. ನಾಯಕನ ಅಪ್ಪ ಹಿರಿಯ ಹ್ಯಾಮ್ಲೆಟ್‌ನ ಭೂತವೂ ತನ್ನನ್ನು ಕೊನೆಯ ಪ್ರಸಾದವಿಲ್ಲದೆ, ತೈಲಲೇಪನವಿಲ್ಲದೆ, ಪಾಪಗಳ ಲೆಕ್ಕ ಒಪ್ಪಿಸಲು ಬಿಡದೆ ಕೊಂದರು ಎಂದೇ ಗೋಳಾಡುತ್ತದೆ. ಆದ್ದರಿಂದ ಸ್ಮಶಾನದ ಆ ವಾದ ನಾಟಕದ ಮೊದಲ ಅಂಕಕ್ಕೇ ಕಟ್ಟಿದ ಗಂಟು. ಅದನ್ನು ಬಿಚ್ಚಿ ಎಸೆಯಬೇಡಿರೆಂದು ನಿಮ್ಮ ನಿರ್ದೇಶಕರಿಗೆ ದಯವಿಟ್ಟು ತಿಳಿಸಿ.

ಜಗಳೂರಿನ ಓದುಗ

ಇಬ್ಬರ ಮಾತನ್ನೂ ಗೌರವದಿಂದ ಓದಿದೆ, ಆದರೆ ಒಪ್ಪಲು ಕಷ್ಟವಾಗುತ್ತದೆ. ಲೇಯರ್ಟಿಸ್‌ಗೆ ನಾವು ಅಗತ್ಯಕ್ಕಿಂತ ಹೆಚ್ಚು ಕನಿಕರ ತೋರಿಸುತ್ತಿದ್ದೇವೆ. ರಾಜ ಅವನಿಗೆ ಸೂಚಿಸಿದ್ದು ಹ್ಯಾಮ್ಲೆಟ್ ಜೊತೆಗಿನ ಕತ್ತಿವರಸೆಯ ಪಂದ್ಯದಲ್ಲಿ ಮೊನೆ ಮೊಂಡು ಮಾಡದ ಕತ್ತಿಯನ್ನು ಆರಿಸಿಕೋ ಎಂದಷ್ಟೇ. ಅದಕ್ಕೆ ವಿಷ ಸವರುವ ಆಲೋಚನೆ ಲೇಯರ್ಟಿಸ್‌ನದು. ಊರೂರು ತಿರುಗುವ ನಕಲಿ ವೈದ್ಯನೊಬ್ಬನಿಂದ ಕೊಂಡ ಲೇಪ ತನ್ನ ಬಳಿ ಇದೆ ಎಂದು ಅವನೇ ಹೇಳುತ್ತಾನೆ. ಅಪ್ಪ ಸಾಯುವ ಮೊದಲೇ ಅಂಥ ವಿಷವನ್ನು ಕೊಂಡು ಇಟ್ಟುಕೊಳ್ಳುವ ಯುವಕ ಎಂಥವನು?

ಇನ್ನೂ ದೊಡ್ಡ ಆಕ್ಷೇಪವೊಂದಿದೆ. ಕೊನೆಯ ಪಂದ್ಯಕ್ಕೆ ಮುಂಚೆ ಹ್ಯಾಮ್ಲೆಟ್ ಎಲ್ಲರೆದುರು ಅವನ ಕೈ ಹಿಡಿದು ಕ್ಷಮೆ ಕೇಳುತ್ತಾನೆ. ಆಗ ಲೇಯರ್ಟಿಸ್ ಹೇಳುವುದೇನು? ಮಗನಾಗಿ ನನ್ನ ಮನಸ್ಸಿಗೆ ಸಮಾಧಾನವಾಗಿದೆ, ಆದರೆ ಮಾನದ ವಿಷಯದಲ್ಲಿ ಹಿರಿಯರು ತೀರ್ಪು ಕೊಡುವ ತನಕ ರಾಜಿಯಾಗಲಾರೆ, ಅಲ್ಲಿಯವರೆಗೆ ನಿನ್ನ ಪ್ರೀತಿಯನ್ನು ಪ್ರೀತಿಯೆಂದೇ ಸ್ವೀಕರಿಸುತ್ತೇನೆ, ಅದಕ್ಕೆ ದ್ರೋಹ ಬಗೆಯುವುದಿಲ್ಲ ಎನ್ನುತ್ತಾನೆ. ಇಷ್ಟು ಹೇಳಿ, ವಿಷ ಸವರಿದ ಕತ್ತಿಯನ್ನು ಹುಡುಕಿ ಎತ್ತಿಕೊಳ್ಳುತ್ತಾನೆ. ಕೋಪದಲ್ಲಿ ಕೊಲ್ಲುವವನನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ. ಕ್ಷಮೆ ಕೇಳಿದವನ ಕೈ ಕುಲುಕಿ ಕೊಲ್ಲುವವನನ್ನು ಅರ್ಥ ಮಾಡಿಕೊಳ್ಳಲು ಯಾವ ಸಂಸ್ಕಾರದ ನೆಪವೂ ಸಾಲದು.

ಚಳ್ಳಕೆರೆ ಹಾರ್ಮೋನಿಯಂ

ನನಗೆ ಇಂಗ್ಲಿಷ್ ನಾಟಕಗಳ ಪಾಂಡಿತ್ಯವಿಲ್ಲ. ಚಳ್ಳಕೆರೆ, ನಾಯಕನಹಟ್ಟಿ, ಮೊಳಕಾಲ್ಮೂರು ಕಡೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕಕ್ಕೆ ಹಾರ್ಮೋನಿಯಂ ನುಡಿಸಿ, ಮಾತು ಕಲಿಸಿ ಬದುಕಿದವನು ನಾನು. ಈ ಚರ್ಚೆ ಓದುವಾಗ ನನಗೆ ಅಶ್ವತ್ಥಾಮ ನೆನಪಾದ.

ನಮ್ಮಲ್ಲಿ ಪಾತ್ರಗಳಿಗೆ ದುಡ್ಡು ಕಟ್ಟುವ ಪದ್ಧತಿ ಎಲ್ಲರಿಗೂ ತಿಳಿದದ್ದೇ. ಕೃಷ್ಣ, ದುರ್ಯೋಧನ, ಭೀಮ, ಕರ್ಣರ ಪಾತ್ರಗಳಿಗೆ ಪೈಪೋಟಿ ನಡೆಯುತ್ತದೆ. ಅಶ್ವತ್ಥಾಮನ ಪಾತ್ರವನ್ನು ಯಾರೂ ಕೇಳುವುದಿಲ್ಲ, ಕೊನೆಗೆ ಯಾವುದಾದರೂ ಹೊಸ ಹುಡುಗನ ಕೊರಳಿಗೆ ಕಟ್ಟುತ್ತೇವೆ. ರಾತ್ರಿ ಹತ್ತಕ್ಕೆ ಶುರುವಾದ ಆಟದಲ್ಲಿ ದುರ್ಯೋಧನನ ತೊಡೆ ಮುರಿಯುವ ಹೊತ್ತಿಗೆ ಮೂಡಲು ಕೆಂಪಾಗಿರುತ್ತದೆ, ಹೆಂಗಸರು ಮಕ್ಕಳನ್ನು ಎಬ್ಬಿಸಿಕೊಂಡು ಮನೆಗೆ ಹೊರಟಿರುತ್ತಾರೆ. ಆಗ ಮಂಗಳ ಹಾಡಿ ಮುಗಿಸುವುದೇ ವಾಡಿಕೆ. ಅಪ್ಪನ ಸೇಡಿಗಾಗಿ ನಡುರಾತ್ರಿ ಪಾಂಡವರ ಪಾಳೆಯಕ್ಕೆ ನುಗ್ಗಬೇಕಾದವನು ಬೆಳಗಾಯಿತೆಂಬ ಕಾರಣಕ್ಕೆ ರಂಗಕ್ಕೇ ಬರುವುದಿಲ್ಲ.

ಒಂದು ವರ್ಷ ಅಂಥ ಹುಡುಗನೊಬ್ಬ ಮುಖಕ್ಕೆ ಬಣ್ಣ ಹಚ್ಚಿಕೊಂಡು ರಾತ್ರಿಯೆಲ್ಲ ಪರದೆಯ ಹಿಂದೆ ಕಾದಿದ್ದ. ನಾನು ಮಂಗಳದ ಶ್ರುತಿ ಹಿಡಿದಾಗ ಅವನು ಬಂದು ಹಾರ್ಮೋನಿಯಂನ ತಿದಿಯ ಮೇಲೆ ಕೈಯಿಟ್ಟ. ‘ಮೇಷ್ಟ್ರೇ, ನಮ್ಮಪ್ಪನ್ನ ಆಯುಧ ಕೆಳಗಿಟ್ಟಾಗ ಕೊಂದ್ರು ಅಂತ ಒಂದು ಮಾತು ಹೇಳಿ ಹೋಗ್ತೀನಿ’ ಎಂದ. ಹೇಳಿಸಿದೆ. ಕೇಳುವುದಕ್ಕೆ ಮೂವತ್ತು ಜನ ಇದ್ದರೇನೋ. ಎದ್ದು ಹೊರಟಿದ್ದವರೂ ಕಂಬಳಿ ಹೆಗಲಿಗೆ ಹಾಕಿಕೊಂಡು ನಿಂತಲ್ಲೇ ನಿಂತರು.

ಅಶ್ವತ್ಥಾಮ ಮಾಡಿದ್ದು ಲೇಯರ್ಟಿಸ್ ಮಾಡಿದ್ದಕ್ಕಿಂತ ಘೋರ. ಮಲಗಿದ್ದ ಧೃಷ್ಟದ್ಯುಮ್ನನನ್ನು ತುಳಿದು ಕೊಂದ, ದ್ರೌಪದಿಯ ಐದು ಮಕ್ಕಳನ್ನು ಕೊಂದ. ಅದನ್ನು ಸರಿ ಎಂದು ಯಾರೂ ಹೇಳುವುದಿಲ್ಲ. ಆದರೆ ಅವನ ಮಾತನ್ನು ಆಡಲು ಬಿಡದೆ ಅವನ ಕೆಲಸವನ್ನು ಮಾತ್ರ ತೋರಿಸಿದರೆ ಅನ್ಯಾಯವಾಗುತ್ತದೆ ಎಂಬುದನ್ನು ನಾನು ಆ ಹುಡುಗನಿಂದ ತಿಳಿದೆ.

ದುರ್ಗದ ಅಧ್ಯಾಪಕಿ

ಮೇಷ್ಟ್ರ ಮಾತಿಗೆ ಒಂದು ಸಂಗತಿ ಸೇರಿಸುವ ಆಸೆ. ಬಿ.ಎಂ.ಶ್ರೀಕಂಠಯ್ಯನವರು ಸೋಫೋಕ್ಲೀಸನ ‘ಏಯಾಸ್’ ದುರಂತವನ್ನು ಕನ್ನಡಕ್ಕೆ ತರುವಾಗ ಆರಿಸಿಕೊಂಡದ್ದು ಅಶ್ವತ್ಥಾಮನನ್ನೇ. 1929ರ ‘ಅಶ್ವತ್ಥಾಮನ್’ ಆ ನಾಟಕ. ಗ್ರೀಕ್ ಮೂಲದಲ್ಲಿ ನಾಯಕ ಅರ್ಧ ನಾಟಕಕ್ಕೇ ಸತ್ತುಹೋಗುತ್ತಾನೆ. ಉಳಿದರ್ಧ ಪೂರ್ತಿ ಅವನ ಹೆಣಕ್ಕೆ ಮಣ್ಣು ಕೊಡಬೇಕೋ ಬೇಡವೋ ಎಂಬ ಜಗಳ. ಕೊನೆಗೆ ವೈರಿಯಾದ ಒಡಿಸ್ಯೂಸನೇ ಮುಂದೆ ಬಂದು ಸಂಸ್ಕಾರ ನಡೆಯಲಿ ಎನ್ನುತ್ತಾನೆ. ಸೇಡಿನ ಕಥೆಯೂ ಸಂಸ್ಕಾರದ ಕಥೆಯೂ ಎಷ್ಟು ಹಳೆಯ ಕಾಲದಿಂದ ಹೆಣೆದುಕೊಂಡಿವೆ ನೋಡಿ. ಸಾಣೇಹಳ್ಳಿಯಲ್ಲಿ ಗ್ರೀಕ್ ಮಾದರಿಯ ಬಯಲು ರಂಗಮಂದಿರದ ಮೆಟ್ಟಿಲುಗಳ ಮೇಲೆ ಕುಳಿತಾಗಲೆಲ್ಲ ನನಗೆ ಆ ಜಗಳವನ್ನು ಅಲ್ಲಿ ಕೇಳಬೇಕೆನಿಸುತ್ತದೆ.

ಹಿರಿಯೂರಿನಿಂದ ಒಬ್ಬರು

ನಾನು ಸಾಮಾನ್ಯವಾಗಿ ಇಲ್ಲಿ ಓದುತ್ತೇನೆ, ಬರೆಯುವುದಿಲ್ಲ. ಇವತ್ತು ಬರೆಯದೆ ಇರಲಾಗಲಿಲ್ಲ.

2021ರ ಮೇ ತಿಂಗಳಲ್ಲಿ ನಮ್ಮ ದೊಡ್ಡಪ್ಪ ಕೋವಿಡ್‌ನಿಂದ ತೀರಿಕೊಂಡರು. ನಮ್ಮಲ್ಲಿ ಸತ್ತವರಿಗೆ ಸ್ನಾನ ಮಾಡಿಸಿ, ಹಣೆಗೆ ಮೈಗೆ ವಿಭೂತಿ ಹಚ್ಚಿ, ಕೈಯಲ್ಲಿ ಲಿಂಗವಿಟ್ಟು, ಕುಳಿತ ಭಂಗಿಯಲ್ಲಿ ಸಮಾಧಿ ಮಾಡುತ್ತಾರೆ. ಅವರನ್ನು ಮುಚ್ಚಿ ಮೊಹರು ಮಾಡಿದ ಕಪ್ಪು ಚೀಲದಲ್ಲಿ ತಂದರು. ಮುಖ ನೋಡಲು ಬಿಡಲಿಲ್ಲ. ನಾಲ್ಕು ಜನ ದೂರ ನಿಲ್ಲಬಹುದು ಎಂದರು. ಯಂತ್ರ ತೋಡಿದ ಗುಂಡಿಗೆ ಹಗ್ಗದಿಂದ ಮಲಗಿಸಿಯೇ ಇಳಿಸಿದರು. ಅವರ ಮಗ, ನನ್ನ ಅಣ್ಣ, ಮನೆಯಿಂದ ತಂದಿದ್ದ ವಿಭೂತಿ ಗಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದ. ‘ಇಷ್ಟೇನಾ? ಇನ್ನೇನೂ ಮಾಡಂಗಿಲ್ವಾ?’ ಎಂದು ಕೇಳಿದ. ಯಾರೂ ಉತ್ತರ ಕೊಡಲಿಲ್ಲ. ಎರಡನೇ ಸಲ ಕೇಳಿದ. ಆಮೇಲೆ ಆ ಗಟ್ಟಿಯನ್ನು ಗುಂಡಿಗೆ ಎಸೆದ. ಅದು ಚೀಲದ ಮೇಲೆ ಬಿದ್ದು ಒಡೆದು, ಕಪ್ಪಿನ ಮೇಲೆ ಅಂಗೈ ಅಗಲದ ಬಿಳಿ ಗುರುತು ಮಾಡಿತು. ಮಣ್ಣು ಬೀಳುವ ತನಕ ನಾವೆಲ್ಲ ಆ ಬಿಳಿಯನ್ನೇ ನೋಡುತ್ತಿದ್ದೆವು.

ಗೇಟಿನ ಹತ್ತಿರ ಬಂದಾಗ ಅಣ್ಣ ಆಂಬುಲೆನ್ಸ್ ಓಡಿಸಿಕೊಂಡು ಬಂದ ಹುಡುಗನ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದ. ಆ ಹುಡುಗನದು ಏನೂ ತಪ್ಪಿರಲಿಲ್ಲ. ಅಂದು ಬೆಳಗಿನಿಂದ ಅವನು ಏಳು ಹೆಣ ಸಾಗಿಸಿದ್ದನಂತೆ. ಅಣ್ಣ ಜೀವಮಾನದಲ್ಲಿ ಯಾರ ಮೇಲೂ ಕೈ ಮಾಡಿದವನಲ್ಲ. ಆ ಕ್ಷಣದಲ್ಲಿ ಯಾರಾದರೂ ಪಕ್ಕದಲ್ಲಿ ನಿಂತು ‘ನಿಮ್ಮಪ್ಪನ ಸಾವಿಗೆ ಇವನೇ ಕಾರಣ’ ಎಂದು ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತೋ ಎಂದು ನೆನೆದರೆ ಈಗಲೂ ಮೈ ನಡುಗುತ್ತದೆ. ಜಗಳೂರಿನವರೇ, ಲೇಯರ್ಟಿಸ್‌ನ ಪಕ್ಕದಲ್ಲಿ ಅಂಥ ಒಬ್ಬ ನಿಂತಿದ್ದ, ಮತ್ತು ಅವನು ದೇಶದ ರಾಜನಾಗಿದ್ದ.

ಜಗಳೂರಿನ ಓದುಗ

ನಿಮ್ಮ ಬರಹ ಓದಿ ಬಹಳ ಹೊತ್ತು ಏನೂ ಬರೆಯಲಾಗಲಿಲ್ಲ. ನಿಮ್ಮ ಅಣ್ಣನವರಿಗೆ ನನ್ನ ನಮಸ್ಕಾರ ತಿಳಿಸಿ.

ಸಂಜೆ ಕುಳಿತು ನಾಲ್ಕನೆಯ ಅಂಕದ ಸಂಚಿನ ದೃಶ್ಯವನ್ನು ಮತ್ತೊಮ್ಮೆ ಓದಿದೆ. ಕ್ಲಾಡಿಯಸ್ ಅವನನ್ನು ಕೆಣಕುವ ಬಗೆ ಈ ಸಲ ಬೇರೆಯಾಗಿ ಕಂಡಿತು. ‘ನಿನಗೆ ಅಪ್ಪ ನಿಜವಾಗಿ ಪ್ರಿಯನಾಗಿದ್ದನೋ, ಅಥವಾ ನೀನು ದುಃಖದ ಚಿತ್ರಪಟ ಮಾತ್ರವೋ’ ಎಂದು ರಾಜ ಕೇಳುತ್ತಾನೆ. ಅಂತ್ಯಕ್ರಿಯೆಯನ್ನು ಕದ್ದುಮುಚ್ಚಿ ಮುಗಿಸಿದವನೇ ಈ ರಾಜ, ತಾನು ಹಾಗೆ ಮಾಡಿದ್ದು ಅವಿವೇಕವಾಯಿತೆಂದು ಹಿಂದೆ ರಾಣಿಯ ಮುಂದೆ ಒಪ್ಪಿಕೊಂಡವನೂ ಇವನೇ. ತಾನು ಮಾಡಿದ ಗಾಯಕ್ಕೆ ತಾನೇ ಉಪ್ಪು ಸವರಿ, ಆ ಉರಿಯನ್ನು ಇನ್ನೊಬ್ಬನ ಕಡೆ ತಿರುಗಿಸುತ್ತಾನೆ. ಇದನ್ನು ನಾನು ಹಿಂದೆ ಗಮನಿಸಿರಲಿಲ್ಲ, ಒಪ್ಪಿಕೊಳ್ಳುತ್ತೇನೆ.

ಆದರೂ ವಿಷದ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಕೊರಳಪಟ್ಟಿ ಹಿಡಿಯುವುದಕ್ಕೂ ಕತ್ತಿಗೆ ಲೇಪ ಸವರಿ ದಿನ ಕಾಯುವುದಕ್ಕೂ ಅಂತರವಿದೆ. ಲೇಯರ್ಟಿಸ್‌ಗೂ ಆ ಅಂತರ ಗೊತ್ತಿತ್ತು ಎಂಬುದಕ್ಕೆ ನಾಟಕದಲ್ಲೇ ಸಾಕ್ಷಿಯಿದೆ: ಇರಿಯುವ ಮುನ್ನ ‘ಇದು ನನ್ನ ಮನಸ್ಸಾಕ್ಷಿಗೆ ಹೆಚ್ಚುಕಡಿಮೆ ವಿರುದ್ಧ’ ಎಂದು ತನ್ನೊಳಗೇ ಹೇಳಿಕೊಳ್ಳುತ್ತಾನೆ. ಹಾಗೆ ಹೇಳಿಕೊಂಡೂ ಇರಿಯುತ್ತಾನೆ. ನನ್ನ ಮಟ್ಟಿಗೆ ಅವನ ದುರಂತವಿರುವುದು ಈ ಸಾಲಿನಲ್ಲಿ, ಸ್ಮಶಾನದಲ್ಲಲ್ಲ. ಕತ್ತರಿಯಿಂದ ಉಳಿಸಲೇಬೇಕಾದ ಸಾಲು ಯಾವುದೆಂದು ನಿರ್ದೇಶಕರು ಕೇಳಿದರೆ ಇದನ್ನೂ ಹೇಳಿ.

ಹರಿಹರದ ಅನುವಾದಕ

ಯಾವ ಕನ್ನಡದಲ್ಲಿ ಆಡುತ್ತಿದ್ದೀರಿ ಎಂಬುದು ಮುಖ್ಯ. ಸ್ಮಶಾನದ ಆ ಪ್ರಶ್ನೆಯನ್ನು ‘ಇನ್ನಾವ ಧಾರ್ಮಿಕ ವಿಧಿಗಳು ಬಾಕಿಯಿವೆ?’ ಎಂದು ಅನುವಾದಿಸಿದರೆ ಪುರೋಹಿತರೊಂದಿಗೆ ಲೆಕ್ಕ ನೋಡುವ ಧ್ವನಿ ಬರುತ್ತದೆ. ಮೂಲದಲ್ಲಿ ಇರುವುದು ಮೂರೇ ಪದ. ಹಿರಿಯೂರಿನವರ ಅಣ್ಣ ಕೇಳಿದ್ದಕ್ಕಿಂತ ಒಳ್ಳೆಯ ಅನುವಾದವನ್ನು ನಾನು ಮಾಡಲಾರೆ: ‘ಇಷ್ಟೇನಾ?’

ತಂಗಿ ಮುಳುಗಿ ಸತ್ತಳೆಂದು ರಾಣಿ ಹೇಳಿದಾಗ ಅವನು ಆಡುವ ಮಾತಿನಲ್ಲೂ ಇದೇ ಎಚ್ಚರ ಬೇಕು. ನಿನಗೆ ನೀರು ಬೇಕಾದಷ್ಟಾಯಿತು ಒಫೀಲಿಯಾ, ಆದ್ದರಿಂದ ನಾನು ಕಣ್ಣೀರು ತಡೆಯುತ್ತೇನೆ ಎಂಬ ಅರ್ಥದ ಸಾಲು ಅದು. ಓದುವಾಗ ಚಮತ್ಕಾರದಂತೆ ಕಂಡು ಮುಜುಗರವಾಗುತ್ತದೆ. ಇಲ್ಲಿ ತುಂಗಭದ್ರೆಯ ದಡದಲ್ಲಿ ನೀರುಪಾಲಾದವರ ಮನೆಯವರು ‘ಸಾಕಾಗುವಷ್ಟು ನೀರು ಕುಡಿದೆಯಲ್ಲೋ ಮಗನೇ’ ಎಂದು ಹಾಡಿಕೊಂಡು ಅಳುವುದನ್ನು ಕೇಳಿದ್ದೇನೆ. ದುಃಖ ಹಾಗೆಯೇ ಮಾತಾಡುತ್ತದೆ. ಆ ಸಾಲನ್ನು ನಾಚಿಕೊಳ್ಳದೆ ಹೇಳಿ. ಅದನ್ನು ಹೇಳಿಯೂ ಅವನು ಅಳುತ್ತಾನೆ, ತಡೆಯಲು ಆಗುವುದಿಲ್ಲ ಎಂಬುದನ್ನು ಮರೆಯಬೇಡಿ.

ಚೌಕಿಪೇಟೆ ಹವ್ಯಾಸಿ

ಉತ್ತರಿಸಿದ ಪ್ರತಿಯೊಬ್ಬರಿಗೂ ನಾನು ಋಣಿ. ಹಿರಿಯೂರಿನವರಿಗೆ ಏನು ಹೇಳಬೇಕೆಂದೇ ತಿಳಿಯುತ್ತಿಲ್ಲ.

ನಿನ್ನೆ ರಾತ್ರಿ ತಾಲೀಮಿನಲ್ಲಿ ನಿಮ್ಮ ಬರಹಗಳನ್ನು ನಿರ್ದೇಶಕರಿಗೆ ಓದಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ‘ಒಂದು ಸಲ ಮಾಡಿ ತೋರಿಸು’ ಎಂದರು. ಗುಂಡಿಗೆ ಬದಲಾಗಿ ಎರಡು ಬೆಂಚುಗಳ ನಡುವೆ ಜಮಖಾನೆ ಹಾಸಿ, ಒಫೀಲಿಯಾ ಪಾತ್ರದ ಹುಡುಗಿಯನ್ನು ಮಲಗಿಸಿದೆವು. ಮೂಲದಲ್ಲಿ ಆ ಪ್ರಶ್ನೆ ಎರಡು ಬಾರಿ ಬರುತ್ತದೆ. ಪಾದ್ರಿ, ಇವಳ ಸಾವು ಅನುಮಾನಾಸ್ಪದ, ಅರಸರ ಆಜ್ಞೆಯಿಲ್ಲದಿದ್ದರೆ ಇಷ್ಟೂ ಸಿಗುತ್ತಿರಲಿಲ್ಲ ಎಂದ ಮೇಲೆ ಮೂರನೆಯ ಸಲ ‘ಇನ್ನೇನೂ ಮಾಡುವಂತಿಲ್ಲವೇ’ ಎಂದು ಕೇಳಬೇಕು. ಮೊದಲ ಸಲ ನಾನು ಕೋಪದಿಂದಲೇ ಕೇಳಿದೆ. ಎರಡನೆಯ ಸಲಕ್ಕೆ ಧ್ವನಿ ತಾನಾಗಿ ಇಳಿಯಿತು. ಮೂರನೆಯದು ಬೇಡುವ ಮಾತಾಯಿತು. ಪಾದ್ರಿಯ ಪಾತ್ರ ಮಾಡುವ ಗೆಳೆಯ ನನ್ನ ಮುಖ ನೋಡಲಾರದೆ ನೆಲ ನೋಡಿದ. ವಾದ ಉಳಿಯಿತು, ಬದಲಿಗೆ ಗೋರಿ ತೋಡುವವರ ಹಾಸ್ಯದಲ್ಲಿ ಕೆಲವು ಪುಟ ಹೋದವು. ‘ಮನಸ್ಸಾಕ್ಷಿ’ಯ ಸಾಲೂ ಉಳಿದಿದೆ ಎಂದು ಜಗಳೂರಿನವರಿಗೆ ತಿಳಿಸಬಯಸುತ್ತೇನೆ. ಫ್ರಾನ್ಸಿಗೆ ಹೊರಡುವ ದೃಶ್ಯ ಮಾತ್ರ ವಾಪಸು ಬರಲಿಲ್ಲ.

ಇನ್ನೊಂದು ತೊಡಕು ಉಳಿದಿದೆ. ಸಾಯುವಾಗ ಅವನು, ನಾನೇ ಒಡ್ಡಿದ ಬಲೆಗೆ ನಾನೇ ಸಿಕ್ಕಿದೆ, ತಪ್ಪೆಲ್ಲ ರಾಜನದು, ಬಾ ಹ್ಯಾಮ್ಲೆಟ್, ನಾವಿಬ್ಬರೂ ಒಬ್ಬರನ್ನೊಬ್ಬರು ಕ್ಷಮಿಸೋಣ ಎನ್ನುತ್ತಾನೆ. ಆಮೇಲೆ ಫೋರ್ಟಿನ್‌ಬ್ರಾಸ್ ಬಂದು ನಾಲ್ವರು ನಾಯಕರು ಹ್ಯಾಮ್ಲೆಟ್‌ನನ್ನು ವೀರನಂತೆ ಹೊರಲಿ, ರಣವಾದ್ಯ ಮೊಳಗಲಿ ಎಂದು ಆಜ್ಞೆ ಮಾಡುತ್ತಾನೆ. ಲೇಯರ್ಟಿಸ್‌ನ ಹೆಣದ ಬಗ್ಗೆ ಯಾರಿಗೂ ಒಂದು ಮಾತಿಲ್ಲ. ಅಧ್ಯಾಪಕಿಯವರನ್ನು ಫೋನಿನಲ್ಲಿ ಕೇಳಿದಾಗ ಅವರು ಹೇಳಿದ್ದು: ನಾಟಕದ ಕೊನೆಯಲ್ಲಿ ಬರುವ ಆಜ್ಞೆ 1604-05ರ ಮುದ್ರಣದಲ್ಲಿ ‘ಹೆಣಗಳನ್ನು ಎತ್ತಿರಿ’ ಎಂದಿದೆ, 1623ರ ಮುದ್ರಣದಲ್ಲಿ ‘ಹೆಣವನ್ನು ಎತ್ತಿರಿ’ ಎಂದಿದೆ. ನಮ್ಮಲ್ಲಿ ಸೈನಿಕರ ಪಾತ್ರಕ್ಕೆ ಇರುವವರೇ ನಾಲ್ಕು ಜನ. ನಿರ್ದೇಶಕರು ಎರಡನೆಯ ಪಾಠವನ್ನೇ ಇಟ್ಟುಕೊಂಡಿದ್ದಾರೆ. ಆ ನಾಲ್ವರು ಹ್ಯಾಮ್ಲೆಟ್‌ನನ್ನು ಹೊತ್ತು ಹೋದ ಮೇಲೆ ದೀಪ ಆರುವವರೆಗೆ ನಾನು ಅಲ್ಲೇ ಮಲಗಿರಬೇಕು.